ಮನೆಯಲ್ಲೇ ಚಕ್ಕುಲಿ ಮಾಡಿ ಮಾರುತ್ತೇನೆ, ಪಕ್ಕದವರು ದೂರು ಕೊಟ್ಟಿದ್ದಾರೆ. ಏನು ಮಾಡಲಿ?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ನಮ್ಮ ಸ್ವಂತ ಮನೆ ಇದೆ. ಕೆಳಗೆ ಮೇಲೆ ಸೇರಿ 1,500 ಚದರಡಿ. ಮುಂದಿನ ರಸ್ತೆ 30 ಅಡಿ. ಎರಡು ವರ್ಷದಿಂದ ಚಕ್ಕುಲಿ, ಕೋಡುಬಳೆ, ಹೋಳಿಗೆ ಮಾಡಿ ಮಾರುತ್ತಿದ್ದೇನೆ. ಸಹಾಯಕ್ಕೆ ಇಬ್ಬರು ಬರುತ್ತಾರೆ. ಹಬ್ಬದ ವಾರ ಗೇಟಿನ ಮುಂದೆ ಡೆಲಿವರಿ ಹುಡುಗರ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಈಗ ಪಕ್ಕದ ಮನೆಯವರು ಪಾಲಿಕೆಗೆ ದೂರು ಕೊಟ್ಟಿದ್ದಾರೆ. ನನ್ನ ಹತ್ತಿರ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆ. ಅಷ್ಟು ಸಾಕಲ್ವಾ?

ಉತ್ತರ: ಸಾಲದು ಮೇಡಂ. ಆ 14 ಅಂಕಿಯ ನಂಬರ್ ನಿಮ್ಮ ಚಕ್ಕುಲಿಗೆ, ನಿಮ್ಮ ಮನೆಗಲ್ಲ. ಮನೆಯಲ್ಲಿ ಏನು ನಡೆಸಬಹುದು ಅಂತ ಹೇಳುವುದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲಾನ್. ಹೆಸರು 2015ರದ್ದು, ಜಾರಿಗೆ ಬಂದದ್ದು 2007ರಲ್ಲಿ. ಆಮೇಲೆ 2031ರ ಪ್ಲಾನ್ ಅಂತ ಒಂದು ಶುರುವಾಗಿ ಕರಡಿನಲ್ಲೇ ನಿಂತುಹೋಯಿತು. ಹಾಗಾಗಿ ಹಳೆಯದನ್ನೇ ಇವತ್ತಿಗೂ ಹಿಡಿದುಕೊಂಡು ಓಡಾಡುತ್ತಿದ್ದೇವೆ.

ಅದರ ಪ್ರಕಾರ ವಸತಿ ವಲಯದ ಮನೆಯಲ್ಲಿ ಸಣ್ಣ ವ್ಯವಹಾರಕ್ಕೆ ಜಾಗವಿದೆ. ಆದರೆ ಕಟ್ಟಡದ 20% ಅಥವಾ 50 ಚದರ ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ತುಂಬಾ ಜನ ಇಲ್ಲೇ ಎಡವುತ್ತಾರೆ. 50 ಚದರ ಮೀಟರ್ ಅಂದರೆ ಸುಮಾರು 538 ಚದರಡಿ, ಅಷ್ಟೂ ನಮ್ಮದು ಅಂದುಕೊಳ್ಳುತ್ತಾರೆ. ನಿಮ್ಮ 1,500ರಲ್ಲಿ 20% ಅಂದರೆ 300 ಚದರಡಿ. ನಿಮಗೆ ಸಿಗುವುದು ಅಷ್ಟೇ.

ಒಂದು ಟೇಪ್ ಹಿಡಿದು ಅಳೆದು ನೋಡಿ. 10×10ರ ಅಡುಗೆಮನೆ, ಡಬ್ಬ ಜೋಡಿಸುವ 10×12ರ ರೂಮು, ಒಟ್ಟು 220 ಆಯಿತು. ಪರವಾಗಿಲ್ಲ. ಆದರೆ ಹಬ್ಬ ಬಂತು ಅಂತ ಹಾಲ್‌ನಲ್ಲಿ ಪ್ಯಾಕಿಂಗ್ ಶುರುವಾಗಿ, ಗ್ರೈಂಡರ್ ಕಾರ್ ನಿಲ್ಲಿಸುವ ಜಾಗಕ್ಕೆ ಹೋಗಿ, ಎಣ್ಣೆ ಡಬ್ಬಗಳು ಮೆಟ್ಟಿಲ ಕೆಳಗೆ ಸೇರಿಕೊಂಡರೆ ಲೆಕ್ಕ ಅಲ್ಲೇ ತಪ್ಪಿತು. ಪಾರ್ಕಿಂಗ್ ಜಾಗವನ್ನಂತೂ ಮುಟ್ಟಲೇಬೇಡಿ, ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಇನ್ನು ಟ್ರೇಡ್ ಲೈಸೆನ್ಸ್. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಬರುತ್ತದೋ ಅಲ್ಲಿನ ಆರೋಗ್ಯ ವಿಭಾಗಕ್ಕೆ ಅರ್ಜಿ ಹಾಕಿ. 40 ಅಡಿಗಿಂತ ಕಿರಿದಾದ ರಸ್ತೆ ಅಂದ ಕೂಡಲೇ ಆಗಲ್ಲ ಅನ್ನುವವರಿದ್ದಾರೆ, ನಿಮ್ಮದು 30 ಅಡಿ ಬೇರೆ. ಆದ್ದರಿಂದ ಅಂಗಡಿ ಅಂತ ಬರೆಯಬೇಡಿ, ಅದು ಅಂಗಡಿಯೂ ಅಲ್ಲ. ನಾವು ವಾಸ ಇರುವ ಮನೆ, ಇಷ್ಟು ಚದರಡಿಯಲ್ಲಿ ಕೆಲಸ, ಕೂತು ತಿನ್ನುವ ವ್ಯವಸ್ಥೆ ಇಲ್ಲ, ಬೋರ್ಡ್ ಇಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದು, ರೂಮಿನ ಅಳತೆಯ ಒಂದು ಸ್ಕೆಚ್ ಲಗತ್ತಿಸಿ. ಆಗುವುದಿಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ, ಕಾರಣ ಬರೆದು ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಿ ಅಂತ ಕೇಳಿ. ಕೈಯಲ್ಲಿ ಹಿಂಬರಹ ಇದ್ದರೆ ಮೇಲ್ಮನವಿ ಹಾಕಬಹುದು, ಬಾಯಿಮಾತಿನ ಮೇಲೆ ಏನೂ ಮಾಡಲಾಗದು.

ಗ್ಯಾಸ್ ವಿಷಯ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಮನೆಯ 14.2 ಕೆಜಿ ಸಿಲಿಂಡರ್‌ನಲ್ಲಿ ಮಾರುವ ತಿಂಡಿ ಕರಿಯುವಂತಿಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳಿ.

ಇಷ್ಟೆಲ್ಲ ಹೇಳಿದರೂ ನನ್ನ ಅನುಭವದಲ್ಲಿ ಇಂಥ ಮನೆಗಳಿಗೆ ಅಧಿಕಾರಿಗಳು ತಾವಾಗಿ ಬರುವುದು ಅಪರೂಪ. ದೂರು ಬಂದರೆ ಬರುತ್ತಾರೆ. ದೂರು ಬರುವುದು 20% ದಾಟಿದ್ದಕ್ಕಲ್ಲ, ಪಕ್ಕದವರ ಗೇಟಿಗೆ ಅಡ್ಡ ನಿಂತ ಬೈಕಿಗೆ. ಡೆಲಿವರಿಗೆ ಒಂದು ಹೊತ್ತು ಗೊತ್ತು ಮಾಡಿ. ಇಲ್ಲವೇ ಹಬ್ಬದ ವಾರ ಪಾರ್ಸೆಲ್‌ಗಳನ್ನು ನೀವೇ ಒಂದು ಆಟೋದಲ್ಲಿ ಮುಖ್ಯರಸ್ತೆಗೆ ಸಾಗಿಸಿ ಅಲ್ಲಿಂದ ಕೊಡಿ. ಎಣ್ಣೆ ಹೊಗೆ ಅವರ ಕಿಟಕಿಗೆ ಹೋಗುತ್ತಿದ್ದರೆ ಚಿಮಣಿಯ ಬಾಯಿ ತಿರುಗಿಸಿ. ಆಮೇಲೆ ಹೋಗಿ ಮಾತಾಡಿ. ಮೊದಲೇ ಹೋದರೆ ಜಗಳ ಆಗುತ್ತದೆ.

ಪ್ರಶ್ನೆ: ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇದಕ್ಕೂ ಕಮರ್ಷಿಯಲ್ ಮೀಟರ್ ಬೇಕಾ?

ಉತ್ತರ: ಬೇಡ. ವಿದ್ಯುತ್ ದರಪಟ್ಟಿಯಲ್ಲಿ ಗೃಹಬಳಕೆಯ ದರದಲ್ಲೇ ಮನೆಯಲ್ಲಿ ಮಾಡಬಹುದಾದ ಕೆಲಸಗಳ ಒಂದು ಪಟ್ಟಿ ಇದೆ. ಟೈಲರಿಂಗ್, ಕೈಮಗ್ಗ, ಅಕ್ಕಸಾಲಿ ಕೆಲಸ, ದೋಬಿ, ಬ್ಯೂಟಿ ಪಾರ್ಲರ್, ವಕೀಲರು, ಡಾಕ್ಟರು, ಕೊನೆಗೆ ಜ್ಯೋತಿಷಿಗಳೂ ಇದ್ದಾರೆ! ಚಕ್ಕುಲಿ ಮಾಡುವವರು ಮಾತ್ರ ಇಲ್ಲ. ಆದ್ದರಿಂದ ಮೇಲಿನ ಮೇಡಂ ಗ್ರೈಂಡರ್‌ಗೆ ಬೇರೆ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮೀಟರ್‌ನಲ್ಲೇ ವ್ಯಾಪಾರದ ಗ್ರೈಂಡರ್ ಓಡುತ್ತಿದ್ದು ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿ ಎರಡು ಪಟ್ಟು ದರ ಹಾಕುತ್ತಾರೆ, ಯಾವಾಗಿನಿಂದ ಅಂತ ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೂ ಸೇರಿಸಿ.

ನೀವು ಹೊಲಿಗೆ ಮುಂದುವರಿಸಿ. ನಾಲ್ಕು ಮಿಷನ್ ಹಾಕಿ ಕೆಲಸಕ್ಕೆ ಜನ ಇಟ್ಟುಕೊಳ್ಳುವ ಆಲೋಚನೆ ಬಂದ ದಿನ ಮತ್ತೆ ಬರೆಯಿರಿ.