ಒಲವಿನ ಬರಹ ಮತ್ತು ವಿಮರ್ಶೆಯ ಹೊಣೆ: ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ‘ನನ್ನ ಒಲವು’ ಪುಟಗಳನ್ನು ಕುರಿತು ತಾವು ಬರೆದ ದೀರ್ಘ ಪತ್ರ ತಲುಪಿದೆ. ನಾಲ್ವರು ಲೇಖಕರು ತಮಗೆ ಪ್ರಿಯವಾದ ಸಂಗೀತ, ಚಿತ್ರಕಲೆಯ ಪುಸ್ತಕ, ಉಡುಪಿನ ವಿನ್ಯಾಸ ಮತ್ತು ಸಿನಿಮಾದ ಬಗ್ಗೆ ಬರೆದದ್ದನ್ನು ಓದಿ ತಾವು ಮೂರು ಆಕ್ಷೇಪಗಳನ್ನು ಎತ್ತಿದ್ದೀರಿ. ಒಬ್ಬರಿಗೆ ಏನು ಇಷ್ಟ ಎಂಬುದು ಅವರ ಖಾಸಗಿ ಸಂಗತಿ, ಪತ್ರಿಕೆಯಲ್ಲಿ ಬರಬೇಕಾದದ್ದು ವಿಮರ್ಶೆ ಎಂಬುದು ಮೊದಲನೆಯದು. ಸಂಗೀತ, ಚಿತ್ರಕಲೆಗಳ ಸಾಲಿನಲ್ಲಿ ಫ್ಯಾಷನ್ನನ್ನು ಕೂರಿಸಿದ್ದು ಸರಿಯಲ್ಲ, ಅದರ ಜಾಗ ಜಾಹೀರಾತಿನ ಪುಟ ಎಂಬುದು ಎರಡನೆಯದು. ನಾಲ್ಕು ಕಡೆ ಮನಸ್ಸು ಹರಿಸುವವರಿಗೆ ಯಾವುದರಲ್ಲೂ ಆಳ ದಕ್ಕುವುದಿಲ್ಲ ಎಂಬುದು ಮೂರನೆಯದು. ಇಂಥ ಬರಹಗಳನ್ನು ಪ್ರಕಟಿಸಲೇಬೇಕೆಂದಿದ್ದರೆ ಜೊತೆಗೆ ಆಯಾ ಕೃತಿಯ ಪೂರ್ಣ ವಿವರವನ್ನಾದರೂ ಕೊಡಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಪತ್ರ ಇಷ್ಟು ಕಾಳಜಿಯಿಂದ ಬರೆದದ್ದಾದ್ದರಿಂದ ಉತ್ತರವೂ ತುಸು ದೀರ್ಘವಾಗಿಯೇ ಇರಲಿ.

‘ನನಗೆ ತುಂಬಾ ಇಷ್ಟ’, ‘ಅದ್ಭುತ’, ‘ಮನಮುಟ್ಟುತ್ತದೆ’ ಎಂಬ ಮಾತುಗಳಿಂದ ಓದುಗರಿಗೆ ಏನೂ ಸಿಗುವುದಿಲ್ಲ ಎಂಬಲ್ಲಿ ನಮಗೂ ತಮಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಒಲವು ಇರುವವರು ಒಂದು ಕೃತಿಯ ಬಳಿಗೆ ಮತ್ತೆ ಮತ್ತೆ ಹೋಗುತ್ತಾರೆ, ಹಾಗೆ ಹೋದವರ ಕಣ್ಣಿಗೆ ಮೊದಲ ನೋಟದಲ್ಲಿ ಕಾಣದ್ದು ಕಾಣುತ್ತದೆ. ವಿಮರ್ಶೆಗೆ ಬೇಕಾದ ಸಾಮಗ್ರಿ ಒದಗುವುದು ಈ ಮರುನೋಟದಿಂದಲೇ ಎಂಬುದು ನಮ್ಮ ದೃಢ ನಂಬಿಕೆ. ಅಂತರ ಕಾಯ್ದುಕೊಂಡು ತೀರ್ಪು ಕೊಡುವವರಿಗೂ ಯಾರಾದರೂ ಮೊದಲು ಹತ್ತಿರ ಹೋಗಿ ನೋಡಿ ತಂದದ್ದು ಬೇಕಾಗುತ್ತದೆ.

ಚಿತ್ರಕಲೆಯ ಪುಸ್ತಕಗಳನ್ನೇ ತೆಗೆದುಕೊಳ್ಳಿ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ, ಲೇಸ್ ಹೆಣೆಯುತ್ತಿರುವ ಯುವತಿಯ ಚಿತ್ರ ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇಡೀ ಪುಟವನ್ನು ತುಂಬಿಕೊಂಡಿರುತ್ತದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೂಲಚಿತ್ರದ ಎತ್ತರ ಸುಮಾರು 24 ಸೆಂಟಿಮೀಟರ್, ಅಗಲ 21 ಸೆಂಟಿಮೀಟರ್ ಮಾತ್ರ. ಅಂದರೆ ದೊಡ್ಡ ಆಕಾರದ ಪುಸ್ತಕದಲ್ಲಿ ಪ್ರತಿಯೇ ಮೂಲಕ್ಕಿಂತ ದೊಡ್ಡದಾಗಿಬಿಡಬಹುದು. ಅದೇ ಪುಸ್ತಕದ ಮುಂದಿನ ಭಾಗದಲ್ಲಿ ಪಿಕಾಸೋನ ‘ಗೆರ್ನಿಕಾ’ ಎದುರುಬದುರು ಪುಟಗಳಲ್ಲಿ ಹರಡಿಕೊಂಡಿರಬಹುದು. ಮೂಲದಲ್ಲಿ ಅದು ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಗೋಡೆಯನ್ನೇ ಆವರಿಸುವ ಚಿತ್ರದ ನಟ್ಟನಡುವಿನ ಕುದುರೆಯ ಮೈ ಪುಸ್ತಕದ ಹೊಲಿಗೆಯ ಮಡಿಕೆಯೊಳಗೆ ಸಿಕ್ಕಿಕೊಂಡುಬಿಡುತ್ತದೆ. ಪುಸ್ತಕ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು ನಿಲ್ಲಿಸುತ್ತದೆ, ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದದವರಿಗೆ ಇದು ತಿಳಿಯುವುದೇ ಇಲ್ಲ.

ಹಾಗೆಂದು ಪುಸ್ತಕದಿಂದ ನಷ್ಟವೇ ಆಯಿತೆನ್ನುವಂತಿಲ್ಲ. ಹಿಗ್ಗಿಸಿ ಮುದ್ರಿಸಿದ ವರ್ಮೀರನ ಚಿತ್ರದಲ್ಲಿ, ಯುವತಿಯ ಬೆರಳುಗಳ ನಡುವಿನ ಎಳೆಗಳು ಕೂದಲಿನಷ್ಟು ತೆಳ್ಳಗೆ, ಸ್ಪಷ್ಟವಾಗಿ ಇರುವುದನ್ನೂ, ಮುಂಭಾಗದ ದಿಂಬಿನಿಂದ ಹೊರಚೆಲ್ಲಿದ ಕೆಂಪು ಮತ್ತು ಬಿಳಿ ದಾರಗಳು ಮಾತ್ರ ಕರಗಿದ ಬಣ್ಣದ ಹನಿಗಳಂತೆ ಮಸುಕಾಗಿ ಹರಿದಿರುವುದನ್ನೂ ಬೇಕಾದಷ್ಟು ಹೊತ್ತು ಹೋಲಿಸಿ ನೋಡಬಹುದು. ಅವಳ ದೃಷ್ಟಿ ಎಲ್ಲಿ ನೆಟ್ಟಿದೆಯೋ ಅಲ್ಲಿ ಮಾತ್ರ ಚಿತ್ರ ಸ್ಫುಟವಾಗಿದೆ. ಇದನ್ನು ಗುರುತಿಸಿ ಬರೆದವರು ‘ನನಗೆ ಈ ಚಿತ್ರ ಇಷ್ಟ’ ಎಂದು ಆರಂಭಿಸಿದರೆ ವಿಮರ್ಶೆಗೆ ಕುಂದೇನೂ ಬರುವುದಿಲ್ಲ.

ತಮ್ಮ ಎರಡನೆಯ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ, ಮತ್ತು ಇದರ ಬಗ್ಗೆಯೇ ನಮಗೆ ಹೆಚ್ಚು ಹೇಳಬೇಕೆನಿಸುತ್ತದೆ. ಫ್ಯಾಷನ್ ಎಂದರೆ ಈ ವರ್ಷ ಏನು ಕೊಳ್ಳಬೇಕು ಎಂಬ ಪಟ್ಟಿ ಎಂದುಕೊಂಡರೆ ತಮ್ಮ ಮಾತು ಸರಿ. ಆದರೆ ಬಟ್ಟೆಯನ್ನು ಮೈಗೆ ಹೊಂದಿಸುವ ವಿದ್ಯೆಯಲ್ಲಿ ಶಿಲ್ಪಕ್ಕೆ ಸಮನಾದ ಚಿಂತನೆ ನಡೆದಿದೆ. 1912ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಉಡುಪುವಿನ್ಯಾಸದ ಸಂಸ್ಥೆಯನ್ನು ತೆರೆದ ಮ್ಯಾಡಲಿನ್ ವಿಯೊನೆ ಅವರ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ನೇಯ್ದ ಬಟ್ಟೆಯನ್ನು ಹಾಸಿನ ಎಳೆಯ ದಿಕ್ಕಿನಲ್ಲಾಗಲಿ ಹೊಕ್ಕಿನ ಎಳೆಯ ದಿಕ್ಕಿನಲ್ಲಾಗಲಿ ಎಳೆದರೆ ಅದು ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಬಟ್ಟೆಯನ್ನು ಈ ಮೂಲೆದಿಕ್ಕಿಗೆ ಹೊಂದಿಸಿ ಕತ್ತರಿಸುವುದೇ ಓರೆ ಕತ್ತರಿಕೆ. ಅಂಚಿನ ಪಟ್ಟಿಗೋ ಕಾಲರಿಗೋ ಮಾತ್ರ ಬಳಕೆಯಾಗುತ್ತಿದ್ದ ಅದನ್ನು ವಿಯೊನೆ ಇಡೀ ಉಡುಪಿಗೆ ಅನ್ವಯಿಸಿದರು. ಕಾಗದದ ಮೇಲೆ ನಕ್ಷೆ ಬರೆಯುವ ಬದಲು ಮರದ ಪುಟ್ಟ ಗೊಂಬೆಯ ಮೇಲೆ ಬಟ್ಟೆಯನ್ನು ಇಳಿಬಿಟ್ಟು, ಅದು ಬೀಳುವ ರೀತಿಯನ್ನು ನೋಡಿಯೇ ವಿನ್ಯಾಸವನ್ನು ನಿರ್ಧರಿಸುತ್ತಿದ್ದರು. ಓರೆ ಕತ್ತರಿಸಿದ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಬೀಳುವುದರಿಂದ ಅದನ್ನು ಕೆಲಕಾಲ ನೇತುಹಾಕಿಟ್ಟು, ಆಮೇಲೆ ಅಂಚು ಮಡಚಬೇಕು. ಇದನ್ನು ಬಲ್ಲ ಯಾವ ದರ್ಜಿಯೂ ಆ ಕೆಲಸವನ್ನು ಹಗುರವಾಗಿ ಕಾಣಲಾರರು. ನಕಲಿಗಳ ಕಾಟ ತಡೆಯಲು ವಿಯೊನೆ ತಮ್ಮ ಉಡುಪಿನ ಲೇಬಲ್ಲಿನ ಮೇಲೆ ಸಹಿಯ ಜೊತೆಗೆ ಹೆಬ್ಬೆಟ್ಟಿನ ಗುರುತನ್ನೂ ಒತ್ತುತ್ತಿದ್ದರು. ಕೃತಿ ತನ್ನದು ಎಂದು ಚಿತ್ರಕಾರ ಹೇಳಿಕೊಳ್ಳಬಹುದಾದರೆ ಅವರಿಗೂ ಆ ಹಕ್ಕು ಇತ್ತು.

ಸಿನಿಮಾ ಲೋಕ ಕೂಡ ಈ ವಿದ್ಯೆಯನ್ನು ಗೌರವಿಸಲು ತಡಮಾಡಿತು. ಆಸ್ಕರ್ ಪ್ರಶಸ್ತಿಗಳು 1929ರಲ್ಲಿ ಆರಂಭವಾದರೂ ವಸ್ತ್ರವಿನ್ಯಾಸಕ್ಕೆ ಅಲ್ಲಿ ಸ್ಥಾನ ದೊರೆತದ್ದು 1948ರ ಚಿತ್ರಗಳಿಂದ. ಮುಂದೆ 1983ರಲ್ಲಿ ‘ಗಾಂಧಿ’ ಚಿತ್ರಕ್ಕಾಗಿ ಜಾನ್ ಮೊಲೊ ಅವರೊಂದಿಗೆ ಆ ಪ್ರಶಸ್ತಿ ಪಡೆದ ಭಾನು ಅಥೈಯಾ, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಮಹಿಳಾ ಪತ್ರಿಕೆಗಳಿಗೆ ಉಡುಪಿನ ಚಿತ್ರಗಳನ್ನು ಬರೆದು, ಆ ದಾರಿಯಲ್ಲಿ ಸಿನಿಮಾಕ್ಕೆ ಬಂದವರು. ಭಾರತಕ್ಕೆ ಮೊದಲ ಆಸ್ಕರ್ ತಂದವರು ಒಬ್ಬ ವಸ್ತ್ರವಿನ್ಯಾಸಕಿ ಎಂಬುದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು.

ಆಳದ ಪ್ರಶ್ನೆಗೆ ಬರೋಣ. ಒಂದೇ ಕ್ಷೇತ್ರದಲ್ಲಿ ಜೀವಮಾನವಿಡೀ ದುಡಿಯುವ ವಿದ್ವಾಂಸರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಹಲವು ಒಲವುಗಳಿದ್ದವರು ಹರಿದು ಹಂಚಿಹೋಗುತ್ತಾರೆ ಎಂಬ ಮಾತು ಕೃತಿಗಳು ಹುಟ್ಟುವ ರೀತಿಗೆ ಹೊಂದುವುದಿಲ್ಲ. ಹಾಂಗ್‌ಕಾಂಗ್‌ನ ವಾಂಗ್ ಕರ್-ವೈ ನಿರ್ದೇಶನದ ‘ಇನ್ ದ ಮೂಡ್ ಫಾರ್ ಲವ್’ (2000) ಚಿತ್ರವನ್ನು ತಾವೂ ನೋಡಿರಬಹುದು. ಮ್ಯಾಗಿ ಚುಂಗ್ ಅವರ ಪಾತ್ರ ಎತ್ತರದ ಕೊರಳಪಟ್ಟಿಯ, ಮೈಗೆ ಅಂಟಿದಂತಿರುವ ಉಡುಪಿನಲ್ಲಿ ಕಿರಿದಾದ ಮೆಟ್ಟಿಲಿಳಿದು ಬರುವಾಗ ವಾಲ್ಟ್ಸ್ ಎಂಬ, ಮೂರು ಎಣಿಕೆಯ ಪಾಶ್ಚಾತ್ಯ ನೃತ್ಯಸಂಗೀತದ ತುಣುಕೊಂದು ಕೇಳಿಸುತ್ತದೆ. ಕೆಳಗೆ ತಂತಿಗಳನ್ನು ಬೆರಳಿನಿಂದ ಮೀಟುವ ಸದ್ದು, ಅದರ ಮೇಲೆ ಪಿಟೀಲಿನ ದೀರ್ಘ ಎಳೆತ. ಒಂದು ದೃಶ್ಯದಿಂದ ಇನ್ನೊಂದಕ್ಕೆ ದಿನ ಕಳೆದಿದೆ ಎಂಬುದು ಎಷ್ಟೋ ಸಲ ಉಡುಪು ಬದಲಾದದ್ದರಿಂದ ಮಾತ್ರ ಗೊತ್ತಾಗುತ್ತದೆ. ಆ ಉಡುಪುಗಳ ವಿನ್ಯಾಸ, ಮನೆಯೊಳಗಿನ ಗೋಡೆಕಾಗದದ ಆಯ್ಕೆ ಸೇರಿದ ಕಲಾ ನಿರ್ದೇಶನ ಮತ್ತು ಚಿತ್ರದ ಸಂಕಲನ ಮೂರೂ ವಿಲಿಯಂ ಚಾಂಗ್ ಎಂಬ ಒಬ್ಬರೇ ನಿರ್ವಹಿಸಿದ ಕೆಲಸ. ಬಟ್ಟೆಯ ಬಣ್ಣ ತಿಳಿದವರೇ ದೃಶ್ಯವನ್ನು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಿದ್ದಾರೆ.

ಆ ವಾಲ್ಟ್ಸ್‌ನ ಮೂಲ ಹುಡುಕಿ ಹೊರಟವರಿಗೆ ದಾರಿ ಇನ್ನೂ ಉದ್ದವಿದೆ. ಶಿಗೆರು ಉಮೆಬಯಾಶಿ ಅದನ್ನು ರಚಿಸಿದ್ದು ಸೈಜುನ್ ಸುಜುಕಿ ನಿರ್ದೇಶಿಸಿದ ‘ಯುಮೆಜಿ’ (1991) ಎಂಬ ಜಪಾನಿ ಚಿತ್ರಕ್ಕಾಗಿ. ಆ ಚಿತ್ರದ ನಾಯಕನ ಹಿಂದಿರುವುದು ತಾಕೆಹಿಸಾ ಯುಮೆಜಿ (1884–1934) ಎಂಬ ನಿಜವಾದ ಕಲಾವಿದ. ಅವರು ಕಿಮೊನೊ ಧರಿಸಿದ ನೀಳ ಕತ್ತಿನ ಹೆಂಗಸರ ಚಿತ್ರಗಳಿಗೆ ಹೆಸರಾದವರು. ಪುಸ್ತಕಗಳ ಮುಖಪುಟಗಳನ್ನೂ ಹಾಡುಗಳ ಸ್ವರಲಿಪಿ ಪುಸ್ತಿಕೆಗಳ ಹೊದಿಕೆಗಳನ್ನೂ ರಚಿಸಿದವರು. ಅವರ ಒಂದು ಕವಿತೆಗೆ ರಾಗ ಕಟ್ಟಿ, ಅದು ಜನಪ್ರಿಯ ಹಾಡಾಯಿತು. 1914ರಲ್ಲಿ ಟೋಕಿಯೋದಲ್ಲಿ ತೆರೆದ ಮಳಿಗೆಯಲ್ಲಿ ಅವರು ವಿನ್ಯಾಸ ಮಾಡಿದ ಮರದಚ್ಚಿನ ಚಿತ್ರಗಳು, ಬರೆಯುವ ಕಾಗದ, ಉಡುಪಿನ ಕೊರಳಪಟ್ಟಿಗಳು ಮಾರಾಟವಾಗುತ್ತಿದ್ದವು. ಒಂದು ರಾಗದ ಹಿಂದೆ ಬಿದ್ದವರು ಸಿನಿಮಾದಿಂದ ಉಡುಪಿಗೆ, ಉಡುಪಿನಿಂದ ಚಿತ್ರಕಲೆಗೆ, ಅಲ್ಲಿಂದ ಪುಸ್ತಕದ ಹೊದಿಕೆಗೆ ಬಂದು ತಲುಪುತ್ತಾರೆ. ಸಂಗೀತವನ್ನಷ್ಟೇ ಬಲ್ಲವರು ಈ ಹಾದಿಯಲ್ಲಿ ಮೊದಲ ತಿರುವಿನಲ್ಲೇ ನಿಂತುಬಿಡುವ ಸಾಧ್ಯತೆ ಹೆಚ್ಚು. ಇದನ್ನು ಕಂಡುಕೊಂಡವರಿಗೆ ಆಳ ದಕ್ಕಿಲ್ಲ ಎನ್ನಲು ನಮಗೆ ಮನಸ್ಸು ಬಾರದು.

ಇಂಥ ಬರಹಕ್ಕೆ ಒಂದು ಹೊಣೆಯಿದೆ ಎಂಬ ತಮ್ಮ ಒತ್ತಾಯ ಮಾತ್ರ ಸಂಪೂರ್ಣ ನ್ಯಾಯವಾದದ್ದು. ಲೇಖಕರ ಇಷ್ಟ ಯಾವುದರ ಮೇಲೆ ನಿಂತಿದೆ ಎಂಬುದನ್ನು ಓದುಗರು ತಾವೇ ಪರೀಕ್ಷಿಸುವಂತಿರಬೇಕು. ಆದ್ದರಿಂದ ಬರುವ ಸಂಚಿಕೆಯಿಂದ ಸಿನಿಮಾದ ಬರಹಗಳ ಜೊತೆಗೆ ನಿರ್ದೇಶಕರ ಹೆಸರಿನಷ್ಟೇ ಪ್ರಮುಖವಾಗಿ ಸಂಗೀತ, ಸಂಕಲನ, ಕಲಾ ನಿರ್ದೇಶನ, ವಸ್ತ್ರವಿನ್ಯಾಸ ಮಾಡಿದವರ ಹೆಸರುಗಳನ್ನೂ, ಧ್ವನಿಮುದ್ರಿಕೆಗಳ ಜೊತೆಗೆ ಪಕ್ಕವಾದ್ಯದವರ ಹೆಸರು ಮತ್ತು ಮುದ್ರಣದ ವರ್ಷವನ್ನೂ ಕೊಡುತ್ತೇವೆ. ನಾವು ಮುದ್ರಿಸುವ ಪ್ರತಿಯೊಂದು ಕಲಾಕೃತಿಯ ಕೆಳಗೆ ಮೂಲದ ಅಳತೆ ಇರುತ್ತದೆ. ಫ್ಯಾಷನ್ ಪುಟಗಳು ಮುಂದುವರಿಯುತ್ತವೆ. ಅವುಗಳಲ್ಲಿ ಬಟ್ಟೆಯ ನೇಯ್ಗೆ, ಕತ್ತರಿಕೆ, ಹೊಲಿಗೆಯ ವಿವರಗಳಿರುತ್ತವೆ, ಕೊಳ್ಳುವ ಸಲಹೆ ಇರುವುದಿಲ್ಲ.

ವಿಶ್ವಾಸದಿಂದ,
ಸಂಪಾದಕರು