ಸಾವಿನ ಹಾಡಿಗೆ ಹಣೆಪಟ್ಟಿ ಯಾಕೆ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಗಾಯಕಿ ಅಮೆಥಿಸ್ಟ್ ಕೀಯಾ ಅವರ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಹಾಕಿದ್ದಾರೆ. ಅವರ ತಕರಾರು ಇಷ್ಟು: ‘ಮೊದಲ ಸಾಲಿನಲ್ಲೇ ಕಪ್ಪು ಜನಾಂಗದ ಕ್ವೀರ್ (ಗಂಡು-ಹೆಣ್ಣಿನ ಪ್ರೀತಿಯ ರೂಢಿಯಿಂದ ಆಚೆ ನಿಂತ) ಗಾಯಕಿ ಎಂದು ಬರೆದಿದ್ದೀರಿ. ಅಮ್ಮನನ್ನು ಕಳೆದುಕೊಂಡ ಮಗಳ ಸಂಕಟಕ್ಕೆ ಬಣ್ಣ ಎಲ್ಲಿಂದ ಬಂತು? ಆಕೆ ಯಾರನ್ನು ಪ್ರೀತಿಸಿದರೆ ನಮಗೇನು? ಅಷ್ಟಕ್ಕೂ ದುಃಖವನ್ನು ಹಾಡಿ ಗುಣವಾದವರು ಯಾರಾದರೂ ಇದ್ದಾರಾ?’

ಮೇಷ್ಟ್ರೇ,

ನಿಮ್ಮ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆ. ಆ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ, ಉಳಿದ ಅರ್ಧಕ್ಕೆ ಆಮೇಲೆ ಜಗಳ ಆಡೋಣ.

ಕೀಯಾ ಬೆಳೆದದ್ದು ಟೆನೆಸಿ ರಾಜ್ಯದ ಚಟ್ಟನೂಗ ಊರಿನಲ್ಲಿ. ಆಕೆಗೆ ಹದಿನೇಳು ವರ್ಷ ಇದ್ದಾಗ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಆ ಸಾವಿನ ಮೇಲೆ ಬರೆದ ಹಾಡು ‘ವೈಲ್ಡ್ ಟರ್ಕಿ’. ಅದು ಬಂದದ್ದು 2021ರ ‘ವೇರಿ ಪ್ಲಸ್ ಸ್ಟ್ರೇಂಜ್’ ಆಲ್ಬಂನಲ್ಲಿ. ಅಷ್ಟು ಹೊತ್ತಿಗೆ ಕೀಯಾ ಮೂವತ್ತು ದಾಟಿದ್ದರು. ನಮ್ಮ ಮನೆಗಳಲ್ಲಿ ಹದಿಮೂರು ದಿನಕ್ಕೆ ಸೂತಕ ಕಳೆದು ವೈಕುಂಠ ಸಮಾರಾಧನೆ ಮುಗಿಸಿ ಕೈ ತೊಳೆದುಕೊಳ್ಳುತ್ತೇವೆ. ಈಕೆಗೆ ಆ ವಿಷಯ ಬಾಯಿಬಿಟ್ಟು ಹಾಡುವುದಕ್ಕೇ ಇಷ್ಟು ವರ್ಷ ಹಿಡಿಯಿತು.

ವೈಲ್ಡ್ ಟರ್ಕಿ ಅನ್ನುವುದು ಒಂದು ವಿಸ್ಕಿಯ ಹೆಸರು. ಹಾಡು ಶುರುವಾಗುವುದು ಕಾರಿನ ಸೀಟಿನ ಮೇಲೆ ಬಿದ್ದಿರುವ ಆ ಬಾಟಲಿಯಿಂದ. ಬಾಟಲಿ ಖಾಲಿ. ಸಾವು, ದೇವರು, ಸ್ವರ್ಗ ಅಂತ ದೊಡ್ಡ ಮಾತು ಯಾವುದೂ ಇಲ್ಲ. ಹದಿನೇಳರಲ್ಲಿ ತನಗೇನೂ ಅನ್ನಿಸಲೇ ಇಲ್ಲ ಅನ್ನುವ ಹಾಗೆ ನಟಿಸಿದ್ದು, ಆಮೇಲೆ ವರ್ಷಗಟ್ಟಲೆ ಮರಗಟ್ಟಿಕೊಂಡು ಓಡಾಡಿದ್ದು ಹಾಡಿನಲ್ಲಿದೆ. ಅಮ್ಮ ಇನ್ನು ಬರುವುದಿಲ್ಲ ಅನ್ನುವ ಮಾತು ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೀಯಾ ಅವರದು ತಗ್ಗಿನ, ಗಟ್ಟಿ ದನಿ. ಆ ದನಿ ಇಲ್ಲಿ ಬಿಕ್ಕುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗೋಳಾಡಿ ಹಾಡು ಕೆಡಿಸುತ್ತಿದ್ದರು ಅಂತ ನನಗೆ ಗ್ಯಾರಂಟಿ.

ಇಲ್ಲಿ ನೀವು ಹೇಳಿದ್ದು ಸರಿ. ಈ ಹಾಡಿನಲ್ಲಿ ಬಣ್ಣದ ಮಾತಿಲ್ಲ, ಪ್ರೀತಿಯ ಮಾತೂ ಇಲ್ಲ. ಸಾಗರದಲ್ಲಿ ಕೂತು ಕೇಳಿದವರಿಗೂ ಅಷ್ಟೇ ನಾಟುತ್ತದೆ.

ಹಾಗಾದರೆ ಹಣೆಪಟ್ಟಿ ಯಾಕೆ? ಆ ಮರಗಟ್ಟುವಿಕೆಗೆ ಕಾರಣ ಅಮ್ಮನ ಸಾವು ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಬಿಳಿಯರೇ ಜಾಸ್ತಿ ಇದ್ದ ಬಡಾವಣೆಯಲ್ಲಿ, ಚರ್ಚಿನ ಮಾತೇ ಕೊನೆ ಅನ್ನುವ ಸೀಮೆಯಲ್ಲಿ, ಹುಡುಗಿಯರನ್ನು ಇಷ್ಟಪಡುವ ಕಪ್ಪು ಹುಡುಗಿಯಾಗಿ ಬೆಳೆದದ್ದನ್ನು ಆಕೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎಲ್ಲೂ ಸೇರದವಳು ಅನ್ನಿಸುತ್ತಿತ್ತಂತೆ. ಒಳಗಿನದನ್ನು ಮುಚ್ಚಿಡುವ ಅಭ್ಯಾಸ ಅಮ್ಮ ಹೋಗುವುದಕ್ಕೆ ಮೊದಲೇ ಕೈಗೂಡಿತ್ತು, ಸಾವು ಬಂದಾಗ ಅದೇ ಅಭ್ಯಾಸ ಕೆಲಸಕ್ಕೆ ಬಂತು ಅಂತ ನನ್ನ ಲೆಕ್ಕ. ಇದು ನನ್ನ ಊಹೆ, ಗಾಯಕಿಯ ಮಾತಲ್ಲ. ಆದರೆ ಹಾಡನ್ನು ಹೀಗೆ ಕೇಳಿದ ಮೇಲೆ ಬೇರೆ ರೀತಿ ಕೇಳುವುದು ನನ್ನಿಂದ ಆಗುತ್ತಿಲ್ಲ.

ಇನ್ನು ಬಣ್ಣ. ಅದು ಆಕೆ ಹಿಡಿದ ವಾದ್ಯದಲ್ಲೇ ಇದೆ. ಬ್ಯಾಂಜೊ ಅಂದರೆ ಗುಡ್ಡಗಾಡಿನ ಬಿಳಿಯರ ವಾದ್ಯ ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಅದರ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿದ ವಾದ್ಯಗಳ ನೆನಪನ್ನು ಗುಲಾಮರಾಗಿ ಹೋದವರು ಕೆರಿಬಿಯನ್ ದ್ವೀಪಗಳಿಗೆ, ಅಲ್ಲಿಂದ ಅಮೆರಿಕಕ್ಕೆ ಒಯ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಅದೇ ಜನರನ್ನು ಅಣಕಿಸುವ ಆಟಗಳಲ್ಲಿ ಅದೇ ಬ್ಯಾಂಜೊ ಬಾರಿಸಿದರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಸಂಗೀತವನ್ನು ‘ರೇಸ್ ರೆಕಾರ್ಡ್ಸ್’ ಅಂತಲೂ ಬಿಳಿಯರ ಹಳ್ಳಿ ಸಂಗೀತವನ್ನು ‘ಹಿಲ್‌ಬಿಲಿ’ ಅಂತಲೂ ಬೇರೆ ಬೇರೆ ಮಾಡಿ ಮಾರಿದವು. ಒಂದೇ ಸೀಮೆಯಲ್ಲಿ, ಒಬ್ಬರ ಕೈಯಿಂದ ಒಬ್ಬರು ಕಲಿತವರು ಎರಡು ಪಟ್ಟಿಗೆ ಹಂಚಿಹೋದರು. ಬ್ಯಾಂಜೊ ಎರಡನೇ ಪಟ್ಟಿಯ ಪಾಲಾಯಿತು. ಹಣೆಪಟ್ಟಿ ಅಂಟಿಸಿದ್ದು ನಾವಲ್ಲ ಮೇಷ್ಟ್ರೇ, ಅದು ನೂರು ವರ್ಷ ಹಳೆಯದು.

ಈಸ್ಟ್ ಟೆನೆಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲು ಇಟ್ಟುಕೊಂಡು ಹಾಡುವ ಅಮೆರಿಕದ ಹಳ್ಳಿ ಸಂಗೀತ) ಮತ್ತು ಹಳೆಯ ಗುಡ್ಡಗಾಡು ಸಂಗೀತವನ್ನೇ ಪಾಠವಾಗಿ ಕಲಿಸುತ್ತಾರೆ. ಕೀಯಾ ಓದಿದ್ದು ಅಲ್ಲಿ. ಈ ಇತಿಹಾಸ ಆಕೆಗೆ ಗೊತ್ತಾದದ್ದೂ ಅಲ್ಲೇ. ರಿಯಾನನ್ ಗಿಡೆನ್ಸ್, ಲೈಲಾ ಮೆಕಾಲಾ, ಆಲಿಸನ್ ರಸೆಲ್ ಮತ್ತು ಕೀಯಾ ಸೇರಿ ‘ಅವರ್ ನೇಟಿವ್ ಡಾಟರ್ಸ್’ ಅಂತ ಒಂದು ತಂಡ ಕಟ್ಟಿ 2019ರಲ್ಲಿ ಆಲ್ಬಂ ತಂದರು. ನಾಲ್ವರೂ ಕಪ್ಪು ಹೆಂಗಸರು, ನಾಲ್ವರೂ ಬ್ಯಾಂಜೊ ನುಡಿಸುವವರು. ಅದರ ಮೊದಲ ಹಾಡು ‘ಬ್ಲ್ಯಾಕ್ ಮೈಸೆಲ್ಫ್’ ಕೀಯಾ ಅವರದು. ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು. ತಾನು ಬ್ಯಾಂಜೊ ಕೈಗೆತ್ತಿಕೊಂಡರೆ ಜನ ಹೇಗೆ ನೋಡುತ್ತಾರೆ ಅನ್ನುವುದು ಆ ಹಾಡಿನಲ್ಲೇ ಬರುತ್ತದೆ.

ಇನ್ನು ಪ್ರೀತಿಯ ವಿಷಯ. ಇದಕ್ಕೆ ಕೀಯಾಗಿಂತ ಅದೇ ತಂಡದ ಆಲಿಸನ್ ರಸೆಲ್ ಒಳ್ಳೆಯ ಉತ್ತರ. ರಸೆಲ್ ಕೆನಡಾದ ಮಾಂಟ್ರಿಯಲ್‌ನವರು. ಮಲತಂದೆಯಿಂದ ವರ್ಷಗಟ್ಟಲೆ ದೌರ್ಜನ್ಯ ಅನುಭವಿಸಿ, ಹದಿನೈದನೇ ವಯಸ್ಸಿಗೆ ಮನೆ ಬಿಟ್ಟರು. 2021ರಲ್ಲೇ ಬಂದ ಅವರ ‘ಔಟ್‌ಸೈಡ್ ಚೈಲ್ಡ್’ ಆಲ್ಬಂ ಪೂರ್ತಿ ಆ ಬದುಕಿನದು. ಅದರಲ್ಲಿ ‘ಪರ್ಸೆಫನಿ’ ಅಂತ ಒಂದು ಹಾಡಿದೆ. ಮನೆಯಲ್ಲಿ ಇರಲಾಗದೆ ಓಡಿಬಂದ ಹುಡುಗಿಯನ್ನು ಒಳಗೆ ಬಿಟ್ಟುಕೊಂಡವಳು, ಹಾಸಿಗೆಯಲ್ಲಿ ಜಾಗ ಕೊಟ್ಟವಳು ಆಕೆಯ ಮೊದಲ ಗೆಳತಿ. ಗೆಳತಿ ಅಂದರೆ ಪ್ರೇಯಸಿ. ಈ ಒಂದು ವಿಷಯ ಬಿಟ್ಟು ಆ ಹಾಡಿನ ಬಗ್ಗೆ ಏನು ಬರೆಯಲಿ ಹೇಳಿ? ‘ಯಾರೋ ಸಹಾಯ ಮಾಡಿದರು’ ಅಂತ ಬರೆದರೆ ಸುಳ್ಳಾಗುತ್ತದೆ. ಗಾಯ ಮಾಡಿದ್ದು ಮನೆ, ಮುಲಾಮು ಹಚ್ಚಿದ್ದು ಆ ಪ್ರೀತಿ. ತಮಾಷೆ ಅಂದರೆ, ಆ ಆಲ್ಬಂನಲ್ಲಿ ಅತ್ಯಂತ ಹಗುರಾಗಿ, ತಲೆದೂಗುವ ಹಾಗೆ ಇರುವ ಹಾಡುಗಳಲ್ಲಿ ಅದೂ ಒಂದು.

‘ದುಃಖ ಹಾಡಿ ಗುಣವಾದವರು ಇದ್ದಾರಾ’ ಅಂದಿರಿ. ಹಾಡು ಔಷಧಿ ಅಂತ ಈ ಇಬ್ಬರೂ ಬೋರ್ಡ್ ಹಾಕಿಕೊಂಡಿಲ್ಲ. ಕೀಯಾ ಥೆರಪಿಗೆ (ಮನಸ್ಸಿನ ಚಿಕಿತ್ಸೆಗೆ) ಹೋದದ್ದನ್ನು ಮುಚ್ಚಿಟ್ಟಿಲ್ಲ. 2024ರ ಅಕ್ಟೋಬರಿನಲ್ಲಿ ಅವರ ಇನ್ನೊಂದು ಆಲ್ಬಂ ‘ಸ್ಟಿಲ್ ಪ್ಲಸ್ ಬ್ರೈಟ್’ ಬಂದಿದೆ. ಅಲ್ಲಿ ಸಾವಿನ ಮನೆಯಿಂದ ಆಚೆ ಬಂದು ಲೋಕ ನೋಡುತ್ತಿದ್ದಾರೆ. ದೇವರ ಬಗ್ಗೆ ಜಗಳ ಇದೆ, ದೆವ್ವದ ಕತೆಯಿಂದ ಹುಟ್ಟಿದ ಪ್ರೇಮಗೀತೆ ಇದೆ, ಗಿಟಾರಿನ ಸದ್ದು ಜೋರಾಗಿದೆ. ನನಗೇನೋ ಹಳೆಯ ಆಲ್ಬಮ್ಮೇ ಹೆಚ್ಚು ಇಷ್ಟ. ಹಾಗಂತ ಒಬ್ಬರು ಜೀವನವಿಡೀ ಅದೇ ಬಾಟಲಿ, ಅದೇ ಕಾರು ಅಂತ ಹಾಡುತ್ತಾ ಕೂರಲಿ ಅಂತ ಕೇಳುವುದು ಕೇಳುಗರ ಸ್ವಾರ್ಥ.

ಒಂದು ಮಾತು ನಿಮ್ಮಿಂದ ತೆಗೆದುಕೊಂಡಿದ್ದೇನೆ. ಇನ್ನು ಮುಂದೆ ಇಂಥ ಲೇಖನಗಳು ಹಾಡಿನಿಂದಲೇ ಶುರುವಾಗಲಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ. ಉಳಿದ ವಿವರ ಎರಡನೇ ಪ್ಯಾರಾದಲ್ಲಿ ಬರುತ್ತದೆ. ಬರದೆ ಮಾತ್ರ ಇರುವುದಿಲ್ಲ.

ನಿಮ್ಮ ಮೊಮ್ಮಗಳು ಮೊಬೈಲಿನಲ್ಲಿ ಹಾಡು ಹಾಕಿಕೊಡುತ್ತಾಳೆ ಅಂತ ಬರೆದಿದ್ದಿರಿ. ಮೊದಲು ‘ಪರ್ಸೆಫನಿ’ ಹಾಕಲು ಹೇಳಿ, ಆಮೇಲೆ ‘ಬ್ಲ್ಯಾಕ್ ಮೈಸೆಲ್ಫ್’. ಆ ಹಾಡು ಎರಡು ರೀತಿಯಲ್ಲಿ ಸಿಗುತ್ತದೆ. ತಂಡದ ಜೊತೆ ಹಾಡಿದ್ದರಲ್ಲಿ ಬ್ಯಾಂಜೊ ಚೆನ್ನಾಗಿ ಕೇಳಿಸುತ್ತದೆ, ಸ್ವಂತ ಆಲ್ಬಂನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಆರ್ಭಟ. ‘ವೈಲ್ಡ್ ಟರ್ಕಿ’ ಮಾತ್ರ ಒಬ್ಬರೇ ಇದ್ದಾಗ ಕೇಳಿ.

— ಸಂಪಾದಕ