ಸೀರಿಯಲ್ ನಂಬರಿನ ಸೊನ್ನೆ ಎಲ್ಲಿ ಹೋಗುತ್ತದೆ?

ಸರ್, ಆಸ್ಪತ್ರೆ ಯಂತ್ರಗಳ ಎಕ್ಸೆಲ್ ಪಟ್ಟಿಯನ್ನು ಸಾಫ್ಟ್‌ವೇರಿಗೆ ಹಾಕಿದಾಗ ಸೀರಿಯಲ್ ನಂಬರ್ ಕೆಡುತ್ತಿದೆ ಅಂತ ಯಾದಗಿರಿಯಿಂದ ಕೇಳಿದ್ದೀರಿ. ನಂಬರ್ ಕೆಟ್ಟಿರುವುದು ಎಕ್ಸೆಲ್‌ನಲ್ಲೇ ಇರಬೇಕು, ನೋಡಿ. ಅದು ಸೀರಿಯಲ್ ನಂಬರನ್ನೂ ಲೆಕ್ಕದ ಅಂಕಿ ಅಂದುಕೊಳ್ಳುತ್ತದೆ. 00457 ಹೊಡೆದರೆ 457 ಉಳಿಯುತ್ತದೆ. 15 ಅಂಕಿ ದಾಟಿದರೆ ಮುಂದಿನವೆಲ್ಲ ಸೊನ್ನೆ. ಆ ಅಂಕಿಗಳು ವಾಪಸ್ ಬರುವುದಿಲ್ಲ. ಕಲಬುರಗಿಯಲ್ಲಿ ನಾನು ಇನ್‌ಫ್ಯೂಷನ್ ಪಂಪುಗಳನ್ನು (ರೋಗಿಗೆ ಔಷಧಿ ಹನಿಸುವ ಯಂತ್ರ) ಒಂದೊಂದಾಗಿ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು, ಹಿಂದಿನ ಸ್ಟಿಕ್ಕರ್ ಓದಿ ಮತ್ತೆ ಬರೆದಿದ್ದೇನೆ. ಸುಮ್ನೆ ಆ ಕಷ್ಟ ನಿಮಗೆ ಬೇಡ.

ಮೊದಲು ಸೀರಿಯಲ್ ನಂಬರಿನ ಇಡೀ ಕಾಲಂನ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್ ಮಾಡಿ, ಆಮೇಲೆ ನಂಬರ್ ತುಂಬಿ. ಸಾಫ್ಟ್‌ವೇರಿಗೆ ಹಾಕಲು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಅಕ್ಷರದ ಫೈಲ್) ಆಗಿ ಸೇವ್ ಮಾಡಿದ ಮೇಲೆ ಅದನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ, ಸೊನ್ನೆ ಮತ್ತೆ ಹೋಗುತ್ತದೆ; ನೋಟ್‌ಪ್ಯಾಡಿನಲ್ಲಿ ನೋಡಿ. ಮೊದಲ ಸಲ ಸಾಫ್ಟ್‌ವೇರಿಗೆ ಐದೇ ಸಾಲು ಹಾಕಿ, ಕ್ಯಾಲಿಬ್ರೇಷನ್ (ಯಂತ್ರದ ಅಳತೆ ಸರಿ ಇದೆಯೇ ಅಂತ ನೋಡುವುದು) ದಿನಾಂಕವನ್ನೂ ಪರೀಕ್ಷಿಸಿ. 03-04 ಅಂದರೆ ಏಪ್ರಿಲ್ 3 ಅಲ್ವಾ? ಸಾಫ್ಟ್‌ವೇರ್ ಮಾರ್ಚ್ 4 ಅಂತ ಓದಿರಬಹುದು.